ಡಾಕ್ಟರಿಗೆ ಅಳತೆ ಕೊಟ್ಟ ಕತ್ತರಿ ಮಾಸ್ತರು

ನಮ್ಮ ಬೀದಿಯ ಗಂಡಸರ ಸೊಂಟದ ಸುತ್ತಳತೆ ಅವರವರ ಹೆಂಡತಿಯರಿಗೆ ಗೊತ್ತಿಲ್ಲದಿದ್ದರೂ ಕತ್ತರಿ ಮಾಸ್ತರಿಗೆ ಗೊತ್ತಿತ್ತು. ಎದುರಿನಿಂದ ಒಬ್ಬ ನಡೆದು ಬರುತ್ತಿದ್ದರೆ ಸಾಕು, ಎದೆ ನಲವತ್ತು, ಎಡ ಹೆಗಲು ಅರ್ಧ ಇಂಚು ಇಳಿಜಾರು, ಹೊಟ್ಟೆ ಹೋದ ವರ್ಷದ್ದಲ್ಲ, ಈ ವರ್ಷದ್ದು ಎಂದು ತುಟಿಯಲ್ಲಿ ಕಚ್ಚಿದ ಗುಂಡುಸೂಜಿಗಳ ಸಂದಿಯಿಂದಲೇ ಹೇಳಿಬಿಡುತ್ತಿದ್ದರು. ಟೇಪು ಹಿಡಿಯುತ್ತಿದ್ದದ್ದು ಗಿರಾಕಿಯ ಸಮಾಧಾನಕ್ಕೆ.

ಅವರ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕೇ ವರ್ಷ. ಮಿಕ್ಕದ್ದನ್ನೆಲ್ಲ, ರಟ್ಟಿಗೆ ಬಂದ ಪುಸ್ತಕಗಳನ್ನು ಅಂಟು ಒಣಗುವ ಹೊತ್ತಿನಲ್ಲಿ ಓದಿ ಕಲಿತೆ. ಕಂಡದ್ದನ್ನು ಕಂಡ ಹಾಗೆ ಬರೆಯಲು ನನಗೆ ಇನ್ನೊಬ್ಬರ ಹಂಗಿಲ್ಲ. ಮಾಸ್ತರೂ ಬರೆಯಿರಿ ಎಂದಿದ್ದಾರೆ. ಕೋಟಿನ ಸಂಗತಿಯೊಂದನ್ನು ಬಿಟ್ಟುಬಿಡಿ ಎಂದಿದ್ದರು. ಅದನ್ನು ಬಿಟ್ಟರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲವಾದ್ದರಿಂದ ಅದನ್ನೂ ಬರೆಯುತ್ತಿದ್ದೇನೆ.

ಅವರ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಗಿರಾಕಿ ಬಾಯಲ್ಲಿ ಹೇಳಿದ ಅಳತೆಯನ್ನು ನಂಬಬಾರದು. ಸೊಂಟ ಮೂವತ್ನಾಲ್ಕು ಎಂದವನಿಗೆ ಮೂವತ್ತಾರು ಕತ್ತರಿಸಿ, ಹೆಚ್ಚಿನ ಎರಡಿಂಚನ್ನು ಹೊಲಿಗೆಯ ಒಳಗೆ ಮಡಚಿ ಬಿಡಬೇಕು. ಆರು ತಿಂಗಳ ಮೇಲೆ ಅವನೇ ಬಂದು ಒಗೆದು ಒಗೆದು ಪ್ಯಾಂಟು ಕುಗ್ಗಿದೆ ಎಂದು ದೂರಿದಾಗ, ಹೌದು ಸ್ವಾಮಿ, ಬಟ್ಟೆಯ ಗುಣವೇ ಹಾಗೆ ಎಂದು ತಲೆಯಾಡಿಸಿ ಹೊಲಿಗೆ ಬಿಚ್ಚಿ ಕೊಡಬೇಕು. ಹೊಟ್ಟೆಯ ಮಾತೇ ಎತ್ತಬಾರದು.

"ಮನುಷ್ಯ ತನ್ನ ಅಳತೆನ ಯಾವತ್ತೂ ಪೂರ್ತಿ ಹೇಳಲ್ಲ ಅಣ್ಣ. ಮಿಕ್ಕಿದ್ದನ್ನ ನಾವೇ ಸೇರಿಸ್ಕೋಬೇಕು. ಅದಕ್ಕೇ ಕಸುಬು ಅನ್ನೋದು," ಎಂದು ನನಗೆ ಎಷ್ಟೋ ಸಲ ಹೇಳಿದ್ದರು.

ಇಂಥ ಮಾಸ್ತರು ಕುಡಿಯುತ್ತಿದ್ದರು. ದಿನವಿಡೀ ಮೇಜಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಿಡಿಯುತ್ತದೆ ಎಂದು ಸಂಜೆ ಒಂದು ಗ್ಲಾಸಿನಿಂದ ಶುರುವಾಯಿತು. ಬೆನ್ನು ಬಿಟ್ಟಿತು, ಗ್ಲಾಸು ಬಿಡಲಿಲ್ಲ. ಬರಬರುತ್ತಾ ಬೆಳಿಗ್ಗೆ ಒಂದು ಗುಟುಕು ಒಳಗೆ ಹೋಗದಿದ್ದರೆ ಸೂಜಿಯ ಕಣ್ಣಿಗೆ ದಾರ ಹೋಗದು ಎಂಬಲ್ಲಿಗೆ ಬಂತು. ಅಂಗಡಿಯ ಬಾಗಿಲಲ್ಲಿ ಕೋಟು ತೊಡಿಸಿ ನಿಲ್ಲಿಸಿದ್ದ ತಲೆಯಿಲ್ಲದ ಗೊಂಬೆಯ ಹೊಟ್ಟೆ ಟೊಳ್ಳು. ಮಾಸ್ತರು ಅದರ ಬೆನ್ನಿನ ಹಲಗೆ ಕಿತ್ತು ಅಲ್ಲೇ ಬಾಟಲಿ ಇಡುತ್ತಿದ್ದರು. ಗಿರಾಕಿಯೊಡನೆ ಮಾತಾಡುತ್ತಾ ಮಾತಾಡುತ್ತಾ ಕೋಟಿನ ಬೆನ್ನು ಯಾಕೋ ಸರಿ ಕೂತಿಲ್ಲ ಎಂದು ಗೊಂಬೆಯ ಹಿಂದೆ ಹೋಗುವರು. ಈಚೆ ಬರುವ ಹೊತ್ತಿಗೆ ಬೆನ್ನು ಸರಿಯಾಗಿ ಕೂತಿರುತ್ತಿತ್ತು. ಇಷ್ಟು ಸಲ ಬೆನ್ನು ಸರಿಪಡಿಸಿಕೊಂಡ ಕೋಟು ಬೇರೆಲ್ಲೂ ಇರಲಾರದು.

ಅವರ ಹೆಂಡತಿಯನ್ನು ಬೀದಿಗೆ ಬೀದಿಯೇ ಅಕ್ಕ ಎನ್ನುತ್ತದೆ. ಮಾಸ್ತರು ಕತ್ತರಿಸಿದ್ದನ್ನು ಮಿಷನ್ನಿನ ಮೇಲೆ ಹೊಲಿಯುವವರು ಅಕ್ಕ. ಕೋಟಿನ ತೋಳೊಂದನ್ನು ಮಾತ್ರ ತಾವೇ ಕೂರಿಸಬೇಕು ಎಂಬುದು ಮಾಸ್ತರ ಹಠ. ಅದಕ್ಕೆ ಬೇರೆಯವರ ಕೈ ತಾಗಿದರೆ ಹೆಗಲು ಕೆಡುತ್ತದಂತೆ. ಹೀಗಿರುವಾಗ ನಮ್ಮ ಶಾಲೆಯ ಹೆಡ್‌ಮಾಸ್ತರರು ನಿವೃತ್ತಿಯ ದಿನ ಫೋಟೋ ತೆಗೆಸಿಕೊಳ್ಳಲು ಒಂದು ಬೂದು ಕೋಟು ಹೊಲಿಯಲು ಕೊಟ್ಟರು. ಮಾಸ್ತರು ಅದನ್ನು ಫೋಟೋದವನು ಬಂದು ಕೂತ ಮೇಲೆ ತಲುಪಿಸಿದರು. ಹೆಡ್‌ಮಾಸ್ತರರು ಗಡಿಬಿಡಿಯಲ್ಲಿ ತೊಟ್ಟರು. ಎಡಗೈ ಸಲೀಸಾಗಿ ಹೋಯಿತು. ಬಲಗೈ ಹೋಯಿತು, ಆದರೆ ಮುಂದಕ್ಕೆ ಬರಲೊಲ್ಲದು. ಮಾಸ್ತರು ಎರಡೂ ಎಡ ತೋಳುಗಳನ್ನೇ ಕತ್ತರಿಸಿ, ಎರಡನ್ನೂ ಕೂರಿಸಿಬಿಟ್ಟಿದ್ದರು. ಆ ಫೋಟೋ ಇವತ್ತಿಗೂ ಶಾಲೆಯ ಗೋಡೆಯ ಮೇಲಿದೆ. ಹೆಡ್‌ಮಾಸ್ತರರು ಬಲಗೈಯನ್ನು ಹಿಂದಕ್ಕೆ ತಿರುಚಿಕೊಂಡು, ಬೆನ್ನ ಹಿಂದೆ ಬೆತ್ತ ಬಚ್ಚಿಟ್ಟವರ ಹಾಗೆ ನಿಂತಿದ್ದಾರೆ.

ಅಕ್ಕ ಕೂಗಾಡಲಿಲ್ಲ. ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ತಮ್ಮ ಚೀಲಕ್ಕೆ ಹಾಕಿಕೊಂಡರು.

"ನಿಮ್ಮ ಕೈ ನಿಮ್ಮ ಮಾತು ಕೇಳೋವಾಗ ಬಂದು ಕೇಳಿ ರೀ, ಕೊಡ್ತೀನಿ. ಅಲ್ಲೀತನಕ ಇಸ್ತ್ರಿ ಮಾಡ್ಕೊಂಡಿರಿ."

ಮೂವತ್ತು ವರ್ಷ ಕತ್ತರಿ ಹಿಡಿದವನ ಕೈಗೆ ಇಸ್ತ್ರಿ ಪೆಟ್ಟಿಗೆ. ಅಂಗಡಿಯಲ್ಲಿ ಗುಂಡಿ ಹಾಕುವುದು, ಅಂಚು ಮಡಚುವುದು ಬಿಟ್ಟರೆ ಬೇರೆ ಕೆಲಸ ನಿಂತುಹೋಯಿತು. ಮಾಸ್ತರು ಎಂದು ಕರೆದರೆ ತಿರುಗಿ ನೋಡುವುದಕ್ಕೂ ಅವರಿಗೆ ನಾಚಿಕೆ. ಕತ್ತರಿ ವಾಪಸು ಬರದಿದ್ದರೆ ತಾನು ಯಾರೂ ಅಲ್ಲ ಎಂದು ನನ್ನ ಅಂಗಡಿಗೆ ಬಂದು ಅಂಟಿನ ಡಬ್ಬಿಯ ಪಕ್ಕ ಕೂತು ಹೇಳಿಕೊಂಡರು. ಹಾಗೆ ಡಾಕ್ಟರ ಹತ್ತಿರ ಹೋಗಲು ಒಪ್ಪಿದರು.

ಅಷ್ಟರೊಳಗೆ ಅಕ್ಕನ ತಮ್ಮ ಒಂದು ಪೊಟ್ಟಣ ತಂದಿದ್ದ. ಗೋಡೆಯ ಜಾಹೀರಾತು ನೋಡಿ ಕೊಂಡದ್ದು. ಊಟದಲ್ಲಿ ಕದ್ದು ಬೆರೆಸಿದರೆ ಕುಡುಕನಿಗೆ ತಿಳಿಯದ ಹಾಗೆಯೇ ಕುಡಿತ ಬಿಟ್ಟುಹೋಗುತ್ತದೆಂದು ಅದರ ಮೇಲೆ ಬರೆದಿತ್ತು. ಭಾವನಿಗೆ ಕೊಡುವ ಮೊದಲು ನೀನೊಂದು ಚಮಚ ತಿಂದು ತೋರಿಸು ಎಂದು ಅಕ್ಕ ಹೇಳಿದ್ದಕ್ಕೆ ಅವನಿಗೆ ತಕ್ಷಣ ಬೇರೆ ಊರಿನಲ್ಲಿ ಕೆಲಸ ನೆನಪಾಯಿತು. ಪೊಟ್ಟಣ ಅಕ್ಕನ ಚೀಲದಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಆ ಕೋಣೆಯ ಮೇಲೆ ಕುಡಿತ ಮತ್ತು ಮಾದಕ ವಸ್ತು ಚಿಕಿತ್ಸೆ ಎಂದು ಗುಂಡಗೆ ದಪ್ಪ ಅಕ್ಷರದಲ್ಲಿ ಬೋರ್ಡು. ಅದರ ಕೆಳಗೆ ಕೂತರೆ ಗಿರಾಕಿಗಳು ಯಾರಾದರೂ ಕಂಡಾರು ಎಂದು ಮಾಸ್ತರು ನಾಲ್ಕು ಮಾರು ದೂರದ ಕಣ್ಣಿನ ವಿಭಾಗದ ಬೆಂಚಿನ ಮೇಲೆ ಹೋಗಿ ಕೂತರು. ಆ ಬೆಂಚಿನ ಮೇಲಿದ್ದವರಿಗೆಲ್ಲ ಕಣ್ಣಿಗೆ ಹನಿ ಹಾಕುತ್ತಾ ಬಂದ ನರ್ಸಮ್ಮ ಇವರ ಗದ್ದವನ್ನೂ ಎತ್ತಿ ಎರಡೂ ಕಣ್ಣಿಗೆ ಹನಿ ಬಿಟ್ಟು ಮುಂದೆ ಹೋದಳು. ಇವರು ಬೇಡ ಎನ್ನುವುದಕ್ಕೂ ಮರ್ಯಾದೆ ಅಡ್ಡ ಬಂತು. ಹೀಗಾಗಿ ಡಾಕ್ಟರಮ್ಮನ ಎದುರು ಕೂರುವಾಗ ಮಾಸ್ತರ ಕಣ್ಣಿಂದ ನೀರು ಧಾರಾಕಾರ. ಆ ತಾಯಿ ಇದನ್ನು ಪಶ್ಚಾತ್ತಾಪ ಎಂದುಕೊಂಡು, ಅಳಬೇಡಿ, ಇದು ಕೆಟ್ಟತನವಲ್ಲ, ಕಾಯಿಲೆ, ಇದಕ್ಕೆ ಮದ್ದಿದೆ ಎಂದು ಬಹಳ ಹೊತ್ತು ಸಮಾಧಾನ ಹೇಳಿದರಂತೆ.

ಅಕ್ಕ ಪೊಟ್ಟಣ ತೆಗೆದು ತೋರಿಸಿದರು. ಡಾಕ್ಟರಮ್ಮನ ಮುಖ ಗಂಟಾಯಿತು. ಇದರೊಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ, ತಿನ್ನುವವನಿಗೆ ತಿಳಿಸದೆ ಇಂಥದ್ದನ್ನು ಊಟಕ್ಕೆ ಹಾಕಿದರೆ ಪ್ರಾಣಕ್ಕೇ ಬಂದೀತು, ನೀವು ಹಾಕದಿದ್ದದ್ದು ಒಳ್ಳೆಯದಾಯಿತು ಎಂದು ಅದನ್ನು ಎತ್ತಿಟ್ಟುಕೊಂಡರು. ಆಮೇಲೆ ಪೆನ್ನು ಹಿಡಿದು, ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ಕೇಳಿದರು.

ಮಾಸ್ತರು ಕುಡಿಯುತ್ತಿದ್ದದ್ದು ಎಂಟು ಗ್ಲಾಸು. ಮೂರು ಎಂದರು. ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವುದುಂಟೋ ಎಂದರೆ, ಛೆ, ಇಲ್ಲ ಎಂದರು. ಹೊರಡುವಾಗ ಗೊಂಬೆಯ ಬೆನ್ನು ಸರಿಪಡಿಸಿಯೇ ಬಂದಿದ್ದರಿಂದ ಕೈ ಚಾಚಿ ಎಂದಾಗ ಚಾಚಿದ ಕೈ ಅಲುಗಲೂ ಇಲ್ಲ. ಡಾಕ್ಟರಮ್ಮ ಅಕ್ಕನ ಕಡೆ ನೋಡಿದರು.

"ನಾನು ಕಂಡಿರೋದು ಮೂರೇ," ಎಂದರು ಅಕ್ಕ. "ಕಾಣದೆ ಇರೋದನ್ನ ನಾನು ಹೇಗೆ ಹೇಳಲಿ?"

ಡಾಕ್ಟರಮ್ಮ ಮೂರು ಎಂದು ಬರೆದುಕೊಂಡರು. ಅಷ್ಟಕ್ಕೆ ತಕ್ಕ ಹಾಗೆ ಮನೆಯಲ್ಲೇ ನುಂಗಲು ಮಾತ್ರೆ ಕೊಟ್ಟು, ಕೈ ವಿಪರೀತ ನಡುಗಿದರೆ, ಬೆವರು ಕಿತ್ತುಕೊಂಡರೆ, ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ, ಒಂದು ಕ್ಷಣವೂ ಕಾಯದೆ ಕರೆತನ್ನಿ ಎಂದು ಅಕ್ಕನಿಗೆ ಎರಡೆರಡು ಸಲ ಹೇಳಿ ಕಳಿಸಿದರು. ಅಕ್ಕ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಂತೆ ತಂದರು. ಅದರಿಂದಲೇ ಮಾಸ್ತರು ಇವತ್ತು ಇದ್ದಾರೆ.

ಅವತ್ತಿನಿಂದ ಮಾಸ್ತರು ಪೂರ್ತಿ ನಿಲ್ಲಿಸಿದರು. ಆ ವಿಷಯದಲ್ಲಿ ಮೋಸ ಮಾಡಲಿಲ್ಲ, ಗೊಂಬೆಯ ಬೆನ್ನನ್ನು ಮುಟ್ಟಲೂ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಅಕ್ಕ ಗೋಡೆ ಬಡಿದು ನನ್ನನ್ನು ಕರೆದರು. ಹೋಗಿ ನೋಡುತ್ತೇನೆ, ಮಾಸ್ತರು ನೆಲದ ಮೇಲೆ ಮಂಡಿಯೂರಿಕೊಂಡು ಬೆವರಿನಲ್ಲಿ ತೊಯ್ದು ಗಾಳಿಯಲ್ಲಿ ಏನನ್ನೋ ಸುತ್ತುತ್ತಿದ್ದಾರೆ. ಅಳತೆ ಟೇಪುಗಳು ಗೋಡೆಯ ಸಂದಿಯಿಂದ ಒಂದೊಂದಾಗಿ ಹರಿದು ಬರುತ್ತಿವೆಯಂತೆ. ಎಲ್ಲವೂ ಅರವತ್ತಿಂಚಿನವು, ಯಾರೂ ತುಳಿಯಬೇಡಿ ಎಂದರು. ನಡುವೆ ಎದ್ದು ಗೊಂಬೆಗೆ ಕೈ ಸ್ವಲ್ಪ ಎತ್ತಿ ಸ್ವಾಮಿ ಎಂದರು. ನಾನು ಹೋಗಿ ಅವರ ತೋಳು ಹಿಡಿದುಕೊಂಡೆ. ಅಕ್ಕ ಆಗಲೇ ಬಾಡಿಗೆ ಕಾರು ನಿಲ್ಲಿಸಿದ್ದರು. ದಾರಿಯುದ್ದಕ್ಕೂ ಮಾಸ್ತರು ನಡುಗುತ್ತಾ, ಡ್ರೈವರಿಗೆ ಅವನ ಕತ್ತಿನ ಅಳತೆ ಹದಿನಾರೂವರೆ ಎಂದು ಹೇಳುತ್ತಲೇ ಇದ್ದರು. ಅವನ ಪುಣ್ಯ, ಅವನು ಹಿಂದೆ ತಿರುಗದೆ ಓಡಿಸಿದ.

ಒಂದು ವಾರ ವಾರ್ಡಿನಲ್ಲಿಟ್ಟುಕೊಂಡರು. ಬಾಟಲಿಯಿಂದ ನರಕ್ಕೆ ನೀರು ಇಳಿಸಿದರು, ಸೂಜಿ ಚುಚ್ಚಿದರು, ನಡುಕ ಇಳಿಸುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾ ಬಂದರು. ವಾರ್ಡಿನ ನಾಲ್ಕನೆಯ ದಿನ ಟೇಪುಗಳು ಬರುವುದು ನಿಂತಿತು. ಅವತ್ತು ಡಾಕ್ಟರಮ್ಮ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಈಗ ನಿಜ ಹೇಳಿ, ಎಷ್ಟು ಗ್ಲಾಸು ಎಂದರು. ಮಾಸ್ತರು ಎಂಟು ಎಂದರು. ಹಾಗಿದ್ದರೆ ಅವತ್ತು ಮೂರು ಎಂದದ್ದೇಕೆ?

ಮಾಸ್ತರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಆಗ ನಾನು ಅಲ್ಲೇ ಕಿತ್ತಳೆ ಸುಲಿಯುತ್ತಿದ್ದೆ. ಒಬ್ಬ ಕಸುಬಿನವನು ಇನ್ನೊಬ್ಬ ಕಸುಬಿನವನ ಕೆಲಸದಲ್ಲಿ ತಪ್ಪು ಕಂಡುಹಿಡಿದಾಗ ಮುಖ ಹೇಗಾಗುತ್ತದೋ ಹಾಗಾಯಿತು ಅವರ ಮುಖ.

"ನಾನು ಮೂರು ಅಂದ್ರೆ ನೀವು ಮೂರೇ ಬರ್ಕೊಂಡ್ರಾ? ಮೇಲೆ ಏನೂ ಸೇರಿಸ್ಕೊಳ್ಳಲಿಲ್ವಾ ಡಾಕ್ಟರಮ್ಮ? ನಿಮ್ಮ ಹತ್ರ ಬರೋರೆಲ್ಲ ಕಡಿಮೇನೇ ಹೇಳ್ತಾರೆ ಅಂತ ನಿಮಗೆ ಗೊತ್ತಿರಬೇಕಲ್ಲ. ನಮ್ಮ ಕಸುಬಲ್ಲಿ ಅಷ್ಟು ನಾವೇ ಹೊಲಿಗೆಯೊಳಗೆ ಬಿಟ್ಕೋತೀವಿ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ನಕ್ಕರೋ ಬೈಗುಳ ನುಂಗಿದರೋ ತಿಳಿಯಲಿಲ್ಲ. ಕೈ ತೆಗೆದಾಗ ಮುಖ ನೆಟ್ಟಗಿತ್ತು.

"ನಾನು ಬಿಟ್ಕೊಳ್ಳೋಕಾಗಲ್ಲ ಮಾಸ್ತರೇ. ಮೂರು ಅಂದ್ರೆ ಮೂರಕ್ಕೇ ಮದ್ದು ಕೊಡೋದು. ಹೆಚ್ಚು ಕೊಟ್ರೆ ನಿಮ್ಮ ಉಸಿರು ನಿಲ್ಲಬಹುದು. ಕಡಿಮೆ ಕೊಟ್ರೆ ಏನಾಗುತ್ತೆ ಅಂತ ನೋಡಿದ್ರಲ್ಲ. ವರ್ಷಗಟ್ಟಲೆ ಕುಡಿದ ಮೈ ಒಂದೇ ಸಲ ನಿಲ್ಲಿಸಿದ್ರೆ ಸತ್ತೇ ಹೋಗೋರೂ ಇದ್ದಾರೆ. ಹೊಲಿಗೆಯೊಳಗೆ ಏನೇನು ಮಡಚಿಟ್ಟಿದ್ದೀರೋ, ನೀವೇ ಬಿಚ್ಚಿ ಹೇಳ್ಬೇಕು."

ಮಾಸ್ತರು ಬಿಚ್ಚಿ ಹೇಳಿದರು. ಬೆಳಗಿನ ಗುಟುಕು, ಗೊಂಬೆಯ ಹೊಟ್ಟೆ, ಎಲ್ಲ. ಅಕ್ಕ ಅಂಗಡಿಗೆ ಹೋಗಿ ಬಾಟಲಿಗಳನ್ನು ಹೊರತೆಗೆದರು. ಒಳಗಿನ ಭಾರ ಹೋದದ್ದೇ ತಡ, ಮುಂದಿನ ಗಾಳಿಗೆ ಗೊಂಬೆ ಕೋಟಿನ ಸಮೇತ ಬೀದಿಗೆ ಬಿತ್ತು.

ಮನೆಗೆ ಬಂದ ದಿನ ಅಕ್ಕ ಕತ್ತರಿಗೆ ಗಡುವು ಹಾಕಿದರು. ತೊಂಬತ್ತು ದಿನ ಒಂದು ಹನಿಯೂ ಇಲ್ಲ ಎಂದಾದರೆ ಕತ್ತರಿ ಕೈಗೆ. ಡಾಕ್ಟರಮ್ಮ ತಿಂಗಳಿಗೊಮ್ಮೆ ಬರಲು ಹೇಳಿ, ಹದಿನೈದು ದಿನಕ್ಕೊಮ್ಮೆ ಆಪ್ತಸಲಹೆಯವರ ಜೊತೆ ಮಾತು, ವಾರಕ್ಕೊಮ್ಮೆ ಕುಡಿತ ಬಿಟ್ಟವರ ಕೂಟ ಎಂದು ಚೀಟಿ ಬರೆದುಕೊಟ್ಟಿದ್ದರು.

ಕೂಟ ನಡೆಯುವುದು ಶಾಲೆಯಲ್ಲಿ, ಮೂರನೇ ತರಗತಿಯ ಕೋಣೆಯಲ್ಲಿ. ಗುಡಾಣದಂಥ ಗಂಡಸರೂ ಹೆಂಗಸರೂ ಮಕ್ಕಳ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂರಬೇಕು. ಅಲ್ಲಿ ಆಡಿದ್ದು ಅಲ್ಲೇ ಇರಬೇಕೆಂಬುದು ಅವರ ನಿಯಮವಾದ್ದರಿಂದ ಮಾಸ್ತರು ತಮ್ಮ ಬಗ್ಗೆ ತಾವೇ ಹೇಳಿದ್ದನ್ನಷ್ಟೇ ಬರೆಯುತ್ತಿದ್ದೇನೆ. ಮೊದಲ ವಾರ ಬಾಯಿಬಿಡದೆ ಎಲ್ಲರ ಹೆಗಲು ಅಳೆಯುತ್ತಾ ಕೂತಿದ್ದರಂತೆ. ಎರಡನೆಯ ವಾರ ಇಬ್ಬರಿಗೆ ಕೋಟಿನ ಬಟ್ಟೆ ಎಷ್ಟು ಬೇಕೆಂದು ಹೇಳಿದರಂತೆ. ಮೂರನೆಯ ವಾರ ಎರಡು ಎಡ ತೋಳಿನ ಕಥೆ ಹೇಳಿದಾಗ ಕೋಣೆ ಬಿದ್ದು ಬಿದ್ದು ನಕ್ಕಿತು. ಯಾರೂ ಬುದ್ಧಿ ಹೇಳಲಿಲ್ಲ. ಒಬ್ಬ ಬಸ್ ಡ್ರೈವರು ಮಾತ್ರ ತನ್ನ ಫೋನ್ ನಂಬರು ಬರೆದುಕೊಟ್ಟು, ಕುಡಿಯೋಣ ಅನ್ನಿಸಿದರೆ ಹೆಂಡದಂಗಡಿಗೆ ಹೋಗುವ ಮೊದಲು ನನಗೊಂದು ಫೋನ್ ಮಾಡಿ ಎಂದಿದ್ದ.

ಪಕ್ಕದ ನಾಲ್ಕನೇ ತರಗತಿಯಲ್ಲಿ ಅದೇ ಹೊತ್ತಿಗೆ ಮನೆಯವರ ಕೂಟ. ಅಕ್ಕ ಅಲ್ಲಿ. ನಡುವಿನ ಹಲಗೆ ಗೋಡೆ ಸೂರಿನ ತನಕ ಮುಟ್ಟಿಲ್ಲ. ಆಚೆಯಿಂದ ಈಚೆಗಿಂತ ಹೆಚ್ಚಿನ ನಗು ಕೇಳಿಬರುತ್ತಿತ್ತು. ಅವರಿಗೆ ನಗುವುದಕ್ಕೆ ಏನಿದೆ ಎಂದು ಮಾಸ್ತರಿಗೆ ಕಳವಳ. ಒಂದು ಸಲ ದಾರಿಯಲ್ಲಿ ಕೇಳಿಯೇಬಿಟ್ಟರು. ನಿಮ್ಮ ವಿಷಯವೇ ಎಂದರು ಅಕ್ಕ.

ಎಪ್ಪತ್ತು ದಿನ ಹೀಗೆ ಕಳೆಯಿತು. ಎಪ್ಪತ್ತೊಂದನೆಯ ದಿನ ಮಾಸ್ತರು ಕುಡಿದರು. ಯಾಕೆ ಎಂದರೆ ಕಾರಣವೇ ಇಲ್ಲ. ಜಗಳವಿಲ್ಲ, ದುಃಖವಿಲ್ಲ, ಯಾರೂ ಕರೆಯಲಿಲ್ಲ. ಗುಂಡಿ ತರಲು ಪೇಟೆಗೆ ಹೋದವರು, ಬಿಸಿಲು ಹಿತವಾಗಿತ್ತು, ಮನಸ್ಸು ಹಗುರಾಗಿತ್ತು, ಕಾಲು ತಾನಾಗಿಯೇ ಹೆಂಡದಂಗಡಿಯ ಒಳಗೆ ಹೋಯಿತು. ಎರಡು ಗ್ಲಾಸು. ಬಸ್ ಡ್ರೈವರನ ನಂಬರು ಜೇಬಿನಲ್ಲೇ ಇತ್ತು.

ನೆಟ್ಟಗೆ ನನ್ನ ಅಂಗಡಿಗೆ ಬಂದು ಬಾಗಿಲು ಎಳೆದುಕೊಂಡು ಕೂತರು. ಮುಖ ಹಿಂಡಿದ ಬಟ್ಟೆಯಂತಿತ್ತು. ಇನ್ನು ಹತ್ತೊಂಬತ್ತು ದಿನ ಕಳೆದರೆ ಕತ್ತರಿ ಕೈಗೆ ಬರುತ್ತದೆ. ವಾಸನೆ ಸಂಜೆಯೊಳಗೆ ಹೋಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಎಣಿಕೆ ಮತ್ತೆ ಒಂದರಿಂದ. ಹೇಳುವುದೇ ಆದರೆ ಅರ್ಧ ಗ್ಲಾಸು, ಅದೂ ಯಾರದೋ ಬಲವಂತಕ್ಕೆ ಎನ್ನಬಹುದಲ್ಲವೇ ಎಂದು ನನ್ನ ಅಭಿಪ್ರಾಯ ಕೇಳಿದರು. ಆ ಡ್ರೈವರಿಗೆ ಫೋನ್ ಮಾಡಿ ಎಂದೆ. ಮಾಡಿದರು. ಆ ಕಡೆಯವನು ಏನೂ ಕೇಳಲಿಲ್ಲ, ಇವತ್ತು ಸಂಜೆ ಕೂಟ ಇದೆ, ಬೆಂಚು ಹಿಡಿದಿಟ್ಟಿರುತ್ತೇನೆ ಎಂದು ಇಟ್ಟುಬಿಟ್ಟ.

ಸಂಜೆ ಮೂರನೇ ತರಗತಿಯಲ್ಲಿ ಮಾಸ್ತರು ಎದ್ದು ನಿಂತರು. ಅರ್ಧ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. ಅಷ್ಟರಲ್ಲಿ, ಇಲ್ಲಿ ಯಾರೂ ಹೆಚ್ಚು ಸೇರಿಸಿಕೊಳ್ಳುವುದಿಲ್ಲ, ನಾನು ಹೇಳಿದ್ದೇ ಉಳಿಯುತ್ತದೆ ಎಂದು ಹೊಳೆದು ಹೆದರಿಕೆಯಾಯಿತಂತೆ.

"ಇವತ್ತು ಮಧ್ಯಾಹ್ನ ಕುಡಿದೆ. ಎರಡು ಗ್ಲಾಸು," ಎಂದರು.

ಹಲಗೆ ಗೋಡೆಯ ಆಚೆಗಿನ ನಗು ಥಟ್ಟನೆ ನಿಂತಿತು. ಈಚೆಯಲ್ಲಿ ಒಬ್ಬರೂ ಛೀ ಎನ್ನಲಿಲ್ಲ. ಡ್ರೈವರು ಸರಿದು ಜಾಗ ಕೊಟ್ಟ. ಮುಂದಿನ ಬೆಂಚಿನವರು ತಮ್ಮ ಮಾತು ಮುಂದುವರಿಸಿದರು. ಅಷ್ಟೇ.

ಶಾಲೆಯ ಗೇಟಿನ ಹತ್ತಿರ ಅಕ್ಕ ಕಾಯುತ್ತಿದ್ದರು. ಇಬ್ಬರೂ ಮನೆಯ ಕಡೆ ನಡೆದರಂತೆ. ಆಮೇಲೆ ಅಕ್ಕ ಎಷ್ಟು ಎಂದರು. ಮಾಸ್ತರು ಎರಡು ಎಂದರು.

"ಒಳಗೆ ಮಡಚಿಟ್ಟಿದ್ದೂ ಸೇರಿಸಿಯಾ?"

"ಸೇರಿಸಿ. ಒಳಗೆ ಏನೂ ಇಲ್ಲ ಕಣೇ."

ಅಕ್ಕ ಬೀದಿ ದೀಪದ ಕೆಳಗೆ ನಿಂತು ಅವರ ಮುಖವನ್ನೊಮ್ಮೆ ನೋಡಿ, ಸರಿ, ನಾಳೆ ಡಾಕ್ಟರಮ್ಮನ ಹತ್ತಿರ ಹೋಗೋಣ ಎಂದರು. ಹೋದರು. ಈ ಸಲ ಮಾಸ್ತರು ಸರಿಯಾದ ಬೋರ್ಡಿನ ಕೆಳಗೇ ಕೂತಿದ್ದರು. ಡಾಕ್ಟರಮ್ಮ ಬೈಯಲಿಲ್ಲ. ಜಾರುವುದು ಈ ಕಾಯಿಲೆಯಲ್ಲಿ ಉಂಟು, ಜಾರಿದ ದಿನವೇ ಕೂಟಕ್ಕೆ ಬಂದು ಹೇಳುವುದು ಎಲ್ಲರಿಂದ ಆಗುವುದಿಲ್ಲ, ಆ ಎಪ್ಪತ್ತು ದಿನವನ್ನು ನಿಮ್ಮಿಂದ ಯಾರೂ ಕಿತ್ತುಕೊಳ್ಳಲಾರರು ಎಂದರು. ರಕ್ತ ಪರೀಕ್ಷೆ ಮಾಡಿಸಿ, ಕುಡಿಯಬೇಕೆಂಬ ತುಡಿತ ತಗ್ಗಿಸುವ ಒಂದು ಮಾತ್ರೆ ಶುರುಮಾಡಿ, ತಿಂಗಳಿಗೊಮ್ಮೆ ಅಲ್ಲ, ಇನ್ನು ವಾರಕ್ಕೊಮ್ಮೆ ಬನ್ನಿ ಎಂದರು.

ಎಣಿಕೆ ಒಂದರಿಂದ ಶುರು ಎಂದುಕೊಂಡು ಮಾಸ್ತರು ಅಂಗಡಿಗೆ ಬಂದವರೇ ಇಸ್ತ್ರಿ ಪೆಟ್ಟಿಗೆಯತ್ತ ನಡೆದರು. ಅಕ್ಕ ಮೇಜಿನ ಮೇಲೆ ಒಂದು ಬಿಳಿ ಬಟ್ಟೆಯ ಥಾನು ಹರವಿ, ಪಕ್ಕದಲ್ಲಿ ದೊಡ್ಡ ಕತ್ತರಿ ಇಟ್ಟರು. ಮಾಸ್ತರು ಕತ್ತರಿಯನ್ನೂ ಹೆಂಡತಿಯನ್ನೂ ಮಿಕಮಿಕ ನೋಡಿದರು.

"ಲಾಡ್ಜಿನವರದು, ನಲವತ್ತು ದಿಂಬಿನ ಚೀಲ," ಎಂದರು ಅಕ್ಕ. "ಕಾಲರಿಲ್ಲ, ತೋಳಿಲ್ಲ. ಸಂಜೆಗೆ ಕತ್ತರಿ ನನ್ನ ಕೈಗೆ ಬರ್ಬೇಕು. ಎಷ್ಟು ಕುಡಿದ್ರಿ ಅಂತ ನಾನು ಕೇಳೋ ಮೊದಲೇ ಹೇಳ್ತಾ ಇರೋ ತನಕ ಬೆಳಿಗ್ಗೆ ಮತ್ತೆ ಕೊಡ್ತೀನಿ."

ಕೋಟಿಗೆ ಹೆಸರಾದವರಿಗೆ ದಿಂಬಿನ ಚೀಲ. ಮಾಸ್ತರು ಒಂದು ಕ್ಷಣ ಕೆಂಪಾದರು, ಮರುಕ್ಷಣ ಕತ್ತರಿಯ ಕಣ್ಣಿಗೆ ಹೆಬ್ಬೆರಳು ತೂರಿಸಿದರು. ಆಮೇಲೆ ನೋಡಬೇಕಿತ್ತು. ದಿಂಬಿಗೆ ಯಾವ ಹತ್ತಿ ತುಂಬುತ್ತಾರೆ, ಮಲಗುವವನ ತಲೆ ಎಷ್ಟು ತೂಕ, ನೂಲು ಉದ್ದಕ್ಕೆ ಓಡಬೇಕೋ ಅಡ್ಡಕ್ಕೋ ಎಂದು ಅರ್ಧ ಗಂಟೆ ವಿಚಾರಣೆ ನಡೆಯಿತು. ಸೀಮೆಸುಣ್ಣದ ಗೆರೆ ಎಳೆದು ಅಳಿಸಿ ಎಳೆದರು. ಗೋಡೆ ಬಡಿದು ನನ್ನನ್ನು ಸಾಕ್ಷಿಗೆ ಕರೆದರು. ನಾನು ಹೋಗಿ ನಿಂತೆ. ಕತ್ತರಿ ಬಟ್ಟೆಯ ಮೇಲೆ ನೀರಿನ ಮೇಲಿನ ದೋಣಿಯಂತೆ ಹೋಯಿತು, ಎಲ್ಲೂ ತೊನೆಯಲಿಲ್ಲ.

ಅಕ್ಕ ಆ ತುಂಡನ್ನು ಎತ್ತಿ ನಾಲ್ಕೂ ಬದಿಗೆ ಟೇಪು ಹಿಡಿದು ನೋಡಿದರು. ಮೂಲೆಗೆ ಮೂಲೆ ಮಡಚಿ ನೋಡಿದರು. ಒಂದೆಳೆ ಹೆಚ್ಚಿಲ್ಲ, ಒಂದೆಳೆ ಕಡಿಮೆಯಿಲ್ಲ. ಮಾಸ್ತರು ಎದೆ ಸೆಟೆಸಿಕೊಂಡು, ಏನಾದರೂ ಅಂದಾರು ಎಂದು ಕಾಯುತ್ತಾ ನಿಂತರು.

"ಇನ್ನೂ ಮೂವತ್ತೊಂಬತ್ತಿದೆ," ಎಂದು ಅಕ್ಕ ಮಿಷನ್ನಿನ ಮುಂದೆ ಹೋಗಿ ಕೂತರು.